ನಮ್ಮ ಕಾಂಪೌಂಡ್ ಹಾರಿದ ನೀರಗಂಟಿ

ಹೋದ ತಿಂಗಳು ನಮ್ಮ ಮನೆಯ ಕಾಂಪೌಂಡನ್ನು ನಾನೇ ನಿಂತು ಒಡೆಸಿದೆ. ಕಟ್ಟಿದ ಮೇಸ್ತ್ರಿಯನ್ನೇ ಕರೆಸಿ ಒಡೆಸಿದೆ. ಒಡೆದು ಮುಗಿದ ಮೇಲೆ ಅವರಿಗೆ ಸ್ಟ್ರಾಂಗ್ ಕಾಫಿ ಕೊಟ್ಟು, ‘ಬಹಳ ಚೆನ್ನಾಗಿ ಒಡೆದಿರಿ’ ಎಂದು ಹೊಗಳಿದೆ.

ಈಯಮ್ಮನಿಗೆ ತಲೆ ಕೆಟ್ಟಿದೆಯಾ ಅಂತ ಕೇಳುತ್ತೀರಾ? ಕೇಳಿ. ಅವತ್ತು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಅರ್ಧ ಜನ ಅದನ್ನೇ ಕೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರ ಕೈಯಲ್ಲೂ ಹಾರೆ ಇತ್ತು.

ಇದೆಲ್ಲ ಶುರುವಾದದ್ದು ಮೂರು ವರ್ಷದ ಹಿಂದೆ, ಒಬ್ಬ ಮುದುಕ ನಮ್ಮ ಕಾಂಪೌಂಡ್ ಹಾರಿದಾಗ.

ಆಗಷ್ಟೇ ನಾಗಮಂಗಲದ ಅಂಚಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿ ಗೃಹಪ್ರವೇಶ ಮಾಡಿದ್ದೆವು. ಬಾಗಿಲಿನ ತೋರಣ ಇನ್ನೂ ಒಣಗಿರಲಿಲ್ಲ. ಬೆಳಿಗ್ಗೆ ರಂಗೋಲಿ ಇಟ್ಟು ಎದ್ದು ನಿಂತಿದ್ದೇನೆ, ಒಬ್ಬ ಮುದುಕ ಸೀದಾ ಗೇಟು ತೆಗೆದು ಒಳಗೆ ಬಂದ. ತಲೆಗೆ ಟವೆಲ್ಲು, ಹೆಗಲ ಮೇಲೆ ಗುದ್ದಲಿ, ಸೊಂಟದಲ್ಲಿ ಮಚ್ಚು. ನನ್ನನ್ನು ನೋಡಿದ, ತಲೆ ಆಡಿಸಿದ, ನನ್ನ ರಂಗೋಲಿಯನ್ನು ಜೋಪಾನವಾಗಿ ದಾಟಿದ, ತುಳಸಿ ಕಟ್ಟೆ ಬಳಸಿಕೊಂಡು ಹಿತ್ತಲಿಗೆ ಹೋದ. ಅಲ್ಲಿ ಕಾಂಪೌಂಡಿನ ಮೇಲೆ ಗುದ್ದಲಿ ಇಟ್ಟು, ಕಾಲು ಎತ್ತಿ ಹಾಕಿ, ಗೋಡೆ ಹತ್ತತೊಡಗಿದ.

ನನಗೆ ಸಿಟ್ಟು ಬರುವುದಕ್ಕೆ ಜಾಸ್ತಿ ಹೊತ್ತು ಬೇಕಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ.

‘ಏನ್ರೀ, ಯಾರ್ರೀ ನೀವು? ಇದೇನು ಧರ್ಮಛತ್ರವಾ?’

ಮುದುಕ ಗೋಡೆಯ ಮೇಲೆ ಕುದುರೆ ಸವಾರನ ಹಾಗೆ ಕೂತು ತಿರುಗಿ ನೋಡಿದ. ‘ನಾನು ನಿಂಗಯ್ಯ ಕಣವ್ವ. ನೀರಗಂಟಿ. ಅಳ್ಳ ನೋಡ್ಕಂಡು ಓಯ್ತಾ ಇವ್ನಿ.’

‘ಹಳ್ಳವಾ? ಇಲ್ಲೆಲ್ಲಿದೆ ಹಳ್ಳ?’

‘ನೀವು ನಿಂತಿದ್ದೀರಲ್ಲ, ಅದೇಯಾ’ ಅಂದ. ಅಂದವನೇ ಆ ಕಡೆ ಧುಮುಕಿ, ಮುಂದಿನ ಮನೆಯ ಹಿತ್ತಲು ದಾಟಿ, ಅವರ ಗೋಡೆಯನ್ನೂ ಹತ್ತಿದ.

ನೀರಗಂಟಿ ಅಂದರೆ ಕೆರೆಯ ತೂಬು ತೆಗೆದು ಹಾಕಿ, ಗದ್ದೆಗದ್ದೆಗೂ ನೀರು ಹಂಚುವವನು ಅಂತ ಗೊತ್ತಿತ್ತು. ಆದರೆ ಅವನ ಇನ್ನೊಂದು ಕೆಲಸ ಗೊತ್ತಿರಲಿಲ್ಲ. ನಮ್ಮ ಬಡಾವಣೆಯ ಮೇಲುಗಡೆ ಕಲ್ಲುಕೆರೆ ಅಂತ ಒಂದು ಹಳೇ ಕೆರೆ ಇದೆ, ನೀರು ತಡೆಯಲು ಅದಕ್ಕೊಂದು ಮಣ್ಣಿನ ಏರಿ. ಕೆರೆ ತುಂಬಿದರೆ ಹೆಚ್ಚಿನ ನೀರು ಹರಿದುಹೋಗಲು ಕೋಡಿ ಇದೆ. ಕೋಡಿಯಿಂದ ಬಿದ್ದ ನೀರು ಕೆಳಗಿನ ಕೆರೆಗೆ ಹೋಗಲು ಒಂದು ಹಳ್ಳ. ಪ್ರತಿ ವರ್ಷ ಚಿತ್ತೆ ಮಳೆಗೆ ಮುಂಚೆ ನಿಂಗಯ್ಯ ಈ ಹಳ್ಳದುದ್ದಕ್ಕೂ ಕೆಳಗಿನಿಂದ ಮೇಲಕ್ಕೆ ನಡೆದು, ಮುಳ್ಳು ಕಡಿದು, ಮಣ್ಣು ಎಳೆದು, ದಾರಿ ಬಿಡಿಸಬೇಕು. ಅವನ ಅಪ್ಪ ಹಾಗೆ ನಡೆದಿದ್ದ, ಅಜ್ಜ ನಡೆದಿದ್ದ. ಸುಗ್ಗಿಯಲ್ಲಿ ರೈತರು ಕಣದಲ್ಲೇ ಅವನಿಗೆ ಒಂದು ಹೊರೆ ಎತ್ತಿಡುತ್ತಿದ್ದರು.

ಈಗ ಆ ಹಳ್ಳದ ಮೇಲೆ ಒಂಬತ್ತು ಮನೆ. ಮನೆ ಅಂದರೆ ಪೂರ್ತಿ ಮನೆಯೇನೂ ಅಲ್ಲ, ಮನೆಗಳೆಲ್ಲ ದಡದಲ್ಲೇ ಇವೆ. ಆದರೆ ಹಿತ್ತಲು ದೊಡ್ಡದಾಗಲಿ ಅಂತ ಒಬ್ಬೊಬ್ಬರೂ ಹಳ್ಳಕ್ಕೆ ಅಡ್ಡಲಾಗಿ ಕಾಂಪೌಂಡ್ ಎಳೆದಿದ್ದೆವು. ಹಳ್ಳ ಒಣಗಿ ಎಷ್ಟೋ ವರ್ಷವಾಗಿತ್ತು. ಒಳಗೆ ಎಕ್ಕದ ಗಿಡ ಬಿಟ್ಟರೆ ಏನೂ ಇರಲಿಲ್ಲ. ಯಾರಿಗೆ ನಷ್ಟ?

ಹಳ್ಳ ಮುಚ್ಚಿಹೋಯಿತು. ನಿಂಗಯ್ಯನ ನಡಿಗೆ ಮಾತ್ರ ನಿಲ್ಲಲಿಲ್ಲ. ಅವನು ಹಳ್ಳ ಇದ್ದ ಜಾಗದಲ್ಲೇ ನಡೆಯುತ್ತಿದ್ದ, ಗೋಡೆ ಬಂದಲ್ಲಿ ಹತ್ತಿ ಇಳಿಯುತ್ತಿದ್ದ. ನಮ್ಮದು ಹಳ್ಳದ ಕೆಳತುದಿಯ ಕಟ್ಟಕಡೆಯ ಮನೆ, ಕಾರ್ನರ್ ಸೈಟು. ಹಾಗಾಗಿ ಅವನ ಸವಾರಿ ಶುರುವಾಗುವುದು ನಮ್ಮ ಗೇಟಿನಿಂದಲೇ.

ನಮ್ಮ ಗೋಡೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಒಂಬತ್ತರಲ್ಲಿ ಅದೇ ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ದಪ್ಪ. ಕೆ.ಆರ್. ಪೇಟೆಯಲ್ಲಿ ಬ್ಯಾಂಕ್ ಕೆಲಸದಲ್ಲಿರುವ ನಮ್ಮ ಯಜಮಾನರು ಪ್ರತಿ ಭಾನುವಾರ ಅದಕ್ಕೆ ಕೊಡದಲ್ಲಿ ನೀರು ಹೊತ್ತು ಕ್ಯೂರಿಂಗ್ ಮಾಡಿದ್ದರು. (ನಮ್ಮ ಮದುವೆಯಾದ ಮೇಲೆ ಅವರು ಕೊಡ ಹೊತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.) ಗೇಟಿಗೆ ಕಮಲದ ಡಿಸೈನು, ಕಮಲಕ್ಕೆ ಬಂಗಾರದ ಬಣ್ಣ. ಬಸ್ಸಿನಿಂದ ಇಳಿದು ಬಂದವರು ಮನೆಗೆ ಬರುವ ಮೊದಲು ಆ ಗೇಟಿನ ಮುಂದೆ ನಿಂತು ಒಂದು ನಿಮಿಷ ನೋಡಿ, ಆಮೇಲೆ ಒಳಗೆ ಬರುತ್ತಿದ್ದರು.

ಯಜಮಾನರು ಹುಟ್ಟಿದ್ದು ತೊಣ್ಣೂರಿನಲ್ಲಿ, ಅಷ್ಟು ದೊಡ್ಡ ಕೆರೆಯ ದಡದಲ್ಲಿ. ಈಜು ಕಲಿತದ್ದೂ ಅದರಲ್ಲೇ. ನಾನು ಬಾಬುರಾಯನಕೊಪ್ಪಲಿನವಳು. ಕಾವೇರಿ ಹೊಳೆ ನೋಡಿ ಬೆಳೆದವಳು. ಹೊಳೆ ತುಂಬಿ ಬಂದಾಗ ನಮ್ಮಮ್ಮ ಪಾತ್ರೆ ಪಗಡ ಅಟ್ಟಕ್ಕೆ ಏರಿಸುತ್ತಿದ್ದದ್ದು ಇವತ್ತಿಗೂ ಕಣ್ಣ ಮುಂದಿದೆ. ಅಂಥ ಇಬ್ಬರು ಸೇರಿ ಒಣಹಳ್ಳಕ್ಕೆ ಅಡ್ಡ ಗೋಡೆ ಕಟ್ಟಿದೆವಲ್ಲ, ಯಾಕೆ? ಯಜಮಾನರಿಗೆ ಹಳ್ಳ ಕಣ್ಣಿಗೇ ಬೀಳಲಿಲ್ಲ. ನನಗೆ ಹೊಳೆಯ ಜಂಬ. ನಾಗಮಂಗಲದಲ್ಲಿ ಮಳೆ ಬರುವುದೇ ಅಪರೂಪ, ಇಲ್ಲಿ ನೀರು ಏನು ಮಹಾ ಮಾಡೀತು ಅಂದುಕೊಂಡಿದ್ದೆ.

ಇದರ ನಡುವೆ ನನ್ನ ಇನ್ನೊಂದು ಪ್ರತಾಪವಿದೆ.

ಹೋದ ವರ್ಷ ಮೈಸೂರಿನಲ್ಲಿ ಒಂದು ಸೆಮಿನಾರ್ ಇತ್ತು. ಭೂಮಿ ಬಿಸಿಯಾಗುತ್ತಿದೆ, ಹವಾಮಾನ ಬದಲಾಗುತ್ತಿದೆ, ಊರುಗಳು ತಯಾರಾಗಬೇಕು ಅನ್ನುವ ವಿಷಯ. ಹೈಸ್ಕೂಲಿನ ಸೈನ್ಸ್ ಟೀಚರ್ ಅಂತ ನನ್ನನ್ನೂ ಕರೆದಿದ್ದರು. ಒಂದು ಫೈಲು, ಒಂದು ಪೆನ್ನು, ಮಧ್ಯಾಹ್ನಕ್ಕೆ ಹೋಳಿಗೆ ಊಟ. ದೊಡ್ಡ ಪ್ರೊಫೆಸರೊಬ್ಬರು ಪ್ರಾಜೆಕ್ಟರಿನಲ್ಲಿ ಗೆರೆ ಮೇಲೆ ಗೆರೆ ತೋರಿಸಿ, ‘ಇನ್ನು ಮುಂದೆ ಮಳೆ ಬರುವ ದಿನಗಳು ಕಮ್ಮಿಯಾಗಬಹುದು, ಬಂದಾಗ ಮಾತ್ರ ಒಟ್ಟಿಗೆ ಸುರಿಯಬಹುದು’ ಎಂದರು. ನಾನು ಬರೆದುಕೊಂಡೆ. ಬಂದು ಇದೇ ಅಂಕಣದಲ್ಲಿ ನಿಮಗೆಲ್ಲ ಪಾಠ ಹೇಳಿದೆ. ‘ನಮ್ಮ ಊರುಗಳು ಸಿದ್ಧವಾಗಿವೆಯೇ?’ ಎಂದು ಗುಡುಗಿದೆ. ಅದನ್ನು ಓದಿ ಮೆಚ್ಚಿ ಕಾರ್ಡು ಬರೆದವರೂ ಇದ್ದೀರಿ.

ಅದನ್ನು ಬರೆಯುವಾಗ ನಾನು ಕೂತಿದ್ದೆಲ್ಲಿ? ಹಿತ್ತಲ ಕಟ್ಟೆಯ ಮೇಲೆ, ಹಳ್ಳದ ನಟ್ಟನಡುವೆ, ನಮ್ಮ ಗೋಡೆಯ ನೆರಳಿನಲ್ಲಿ.

ಆ ವರ್ಷವೇ ಕೆರೆ ಒಂದಿಷ್ಟು ಕೋಡಿ ಬಿತ್ತು. ಜಾಸ್ತಿಯೇನಲ್ಲ. ಮೇಲಿನ ಎರಡು ಮನೆಯ ಹಿತ್ತಲಲ್ಲಿ ಪಾದ ಮುಳುಗುವಷ್ಟು ನೀರು ನಿಂತು, ಒಬ್ಬರ ಸೌದೆ ನೆನೆಯಿತು. ಅಷ್ಟಕ್ಕೇ ಬಡಾವಣೆಯ ಸಂಘದ ಮೀಟಿಂಗ್ ಕರೆದರು. ಸಂಘದ ಅಧ್ಯಕ್ಷರು ವಕೀಲ ಶಿವಣ್ಣ, ಮಧ್ಯದ ಮನೆಯವರು. ಕಾರ್ಯದರ್ಶಿ ಯಾರು? ನಾನೇ.

ಮೀಟಿಂಗಿನಲ್ಲಿ ಒಂದು ಅದ್ಭುತ ಐಡಿಯಾ ಹೊರಟಿತು. ಕೋಡಿಯ ಮೇಲೆ ಮರಳು ಮೂಟೆ ಜೋಡಿಸಿ ಎತ್ತರ ಮಾಡಿಬಿಟ್ಟರೆ? ಕೆರೆ ನೀರು ನಮ್ಮ ಕಡೆಗೆ ಬರುವುದೇ ಇಲ್ಲ! ಕೆರೆ ಕೆಳಗಿನ ಗದ್ದೆಯವರಿಗೆ ಹೇಳಿದರೆ ಅವರೂ ಕುಣಿದಾಡಿದರು. ಕೆರೆಯಲ್ಲಿ ಹೆಚ್ಚು ನೀರು ನಿಂತರೆ ಅವರಿಗೆ ಇನ್ನೊಂದು ಬೆಳೆ. ನಮಗೆ ನೀರು ಬೇಡ, ಅವರಿಗೆ ನೀರು ಬೇಕು, ಇಬ್ಬರಿಗೂ ಬೇಕಾದದ್ದು ಅದೇ ಮೂಟೆ. ಇಷ್ಟು ಚೆಂದದ ಒಗ್ಗಟ್ಟನ್ನು ನಾನು ನಮ್ಮೂರಿನಲ್ಲಿ ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ಮೀಟಿಂಗಿಗೆ ನಿಂಗಯ್ಯ ಬಂದಿದ್ದ. ಬಾಗಿಲ ಹತ್ತಿರವೇ ನಿಂತಿದ್ದ. ಕೂತ್ಕೊಳ್ಳಿ ಅಂತ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

‘ಸ್ವಾಮಿ, ಕೋಡಿ ಕಟ್ಬ್ಯಾಡಿ’ ಅಂದ. ‘ಕೆರೆ ಬಾಯಿ ಕಟ್ಟುದ್ರೆ ಅದು ಎದೆ ಒಡ್ಕತದೆ. ಏರಿ ಒಡೆದ್ರೆ ಯಾರ್ ಮನೇನೂ ಉಳಿಯಾಕಿಲ್ಲ.’

ಶಿವಣ್ಣನವರು ನಕ್ಕರು. ‘ನಿಂಗಯ್ಯ, ಏರಿ ಒಡೆದದ್ದು ಯಾವ ಕಾಲದಲ್ಲಿ? ಸುಮ್ನೆ ಹೋಗು. ಯಾರಾದ್ರೂ ಮೂಟೆ ಮುಟ್ಟಿದ್ರೆ ಕೇಸ್ ಹಾಕ್ತೀನಿ ಅಷ್ಟೆ.’

ಠರಾವು ಪಾಸಾಯಿತು. ಅದನ್ನು ಬರೆದವಳು ನಾನು. ಗುಂಡು ಅಕ್ಷರ, ಕೆಳಗೆ ಗೆರೆ, ಗೆರೆಯ ಕೆಳಗೆ ನನ್ನ ಸಹಿ.

ಈ ವರ್ಷ ಮಳೆ ಆಟವಾಡಿಸಿತು. ಆಷಾಢದ ಗಾಳಿ ಬಂತು, ಮಳೆ ಬರಲಿಲ್ಲ. ಗೌರಿ ಹಬ್ಬ ಹೋಯಿತು, ಬರಲಿಲ್ಲ. ಆಮೇಲೆ ನಾಲ್ಕೈದು ಮಳೆ ಬಂತು ನೋಡಿ, ಒಂದೊಂದೂ ಒಂದು ತಿಂಗಳ ಬಾಕಿ ತೀರಿಸಿದ ಹಾಗೆ. ಕಲ್ಲುಕೆರೆ ಮುಕ್ಕಾಲು ತುಂಬಿತು. ಜನ ಏರಿಯ ಮೇಲೆ ವಾಕಿಂಗ್ ಹೋಗಿ ಬಂದು ಸಂಭ್ರಮಪಟ್ಟರು. ದಸರಾ ರಜೆಯಲ್ಲಿ ಒಂದು ಸಂಜೆ ಮತ್ತೊಂದು ಮಳೆ ಬಂತು. ಎರಡು ಗಂಟೆ ಹೊತ್ತು ನಮ್ಮ ಮನೆಯವರ ಮಾತು ನಮಗೇ ಕೇಳಿಸಲಿಲ್ಲ.

ಮಾರನೇ ದಿನ ಬೆಳಿಗ್ಗೆ ಯಜಮಾನರು ಛತ್ರಿ ಹಿಡಿದು ಬಸ್ಸು ಹತ್ತಿದರು. ಅವರು ಹೋಗಿ ಹತ್ತು ನಿಮಿಷವಾಗಿಲ್ಲ, ಗೇಟು ಕಿರ್ರೆಂದಿತು. ನಿಂಗಯ್ಯ. ಈ ಸಲ ಹಿತ್ತಲಿಗೆ ಹೋಗದೆ ಬಾಗಿಲಿಗೆ ಬಂದು ನಿಂತ.

‘ಟೀಚರಮ್ಮ, ವಸಿ ನನ್ ಜೊತೆ ಏರಿ ಮ್ಯಾಕೆ ಬತ್ತೀರಾ?’

ಅವನ ಮುಖ ನೋಡಿ ನಾನು ಯಾಕೆ ಏನು ಅಂತ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಏರಿ ಮೇಲೆ ನಿಂತು ಕೆರೆ ನೋಡಿದೆ. ನೀರು ಮರಳು ಮೂಟೆಗಳ ಕುತ್ತಿಗೆಗೆ ಬಂದಿತ್ತು, ಇನ್ನೊಂದು ಗೇಣು ಬಾಕಿ. ತೂಬನ್ನು ನಿಂಗಯ್ಯ ಪೂರ್ತಿ ತೆಗೆದಿದ್ದ. ಅದರಲ್ಲಿ ಹೊರಗೆ ಹೋಗುವ ನೀರಿಗಿಂತ ಕೆರೆಗೆ ಬರುವ ನೀರೇ ಜಾಸ್ತಿ ಇತ್ತು. ಅವನು ನನ್ನನ್ನು ಏರಿಯ ಹಿಂಬದಿಗೆ ಕರೆದುಕೊಂಡು ಹೋಗಿ, ಕೂತು, ಹುಲ್ಲಿನ ಬುಡದಲ್ಲಿ ಅಂಗೈ ಊರಿದ. ತೆಗೆದು ತೋರಿಸಿದ. ಅಂಗೈ ತುಂಬ ಕೆಂಪು ಕೆಸರು. ಏರಿಯೊಳಗಿನಿಂದ ನೀರು ಜಿನುಗುತ್ತಿತ್ತು.

‘ತಿಳಿನೀರು ಬಂದ್ರೆ ಎದ್ರಿಕೆ ಇಲ್ಲ ಕಣವ್ವ. ಇದು ಮಣ್ಣು ಕರಗಿಸ್ಕಂಡು ಬತ್ತಾ ಅದೆ’ ಅಂದ. ‘ಮೊದ್ಲೆಲ್ಲ ಮಳೆ ಮೂರು ದಿನ ಜಿನುಗೋದು, ಕೆರೆ ನಿಧಾನಕ್ಕೆ ತುಂಬೋದು. ಈಗ ಮೂರ್ತಿಂಗಳು ಮುಖ ತೋರ್ಸಾಕಿಲ್ಲ. ಬಂದ್ರೆ ಮೂರ್ಗಂಟೇಲಿ ಎಲ್ಲಾನೂ ಸುರ್ದುಬುಟ್ಟು ಓಯ್ತದೆ. ಇವತ್ತು ಮಧ್ಯಾಹ್ನಕ್ಕೆ ಇನ್ನೊಂದು ಬಂದೇ ಬತ್ತದೆ, ನೋಡಿ ಅತ್ಲಾಗೆ.’

ಆಕಾಶ ಪಡುವಣದಲ್ಲಿ ಕಪ್ಪಗಿತ್ತು. ಪ್ರೊಫೆಸರು ಪ್ರಾಜೆಕ್ಟರಿನಲ್ಲಿ ತೋರಿಸಿದ ಗೆರೆಗಳನ್ನೆಲ್ಲ ಈ ಮನುಷ್ಯ ಎರಡು ಮಾತಿನಲ್ಲಿ ಮುಗಿಸಿಬಿಟ್ಟಿದ್ದ. ಹೋಳಿಗೆಯನ್ನೂ ಕೇಳಿರಲಿಲ್ಲ.

ಏರಿಯ ಕೆಳಗೆ ಕೆಳಗೇರಿಯ ಮನೆಗಳಿವೆ, ಒತ್ತೊತ್ತಾಗಿ, ಹೆಂಚಿನವು, ಒಂದೆರಡು ಸೋಗೆಯವು. ಒಲೆಯ ಹೊಗೆ ಏಳುತ್ತಿತ್ತು. ನಿಂಗಯ್ಯ ಬೆರಳು ತೋರಿಸಿದ. ‘ಮೊದಲ್ನೇದು ನಂದು. ಸೊಸೆ ಬಾಣಂತಿ. ಏರಿ ಓದ್ರೆ ಮೊದ್ಲು ನಮ್ದು ಓಯ್ತದೆ, ಆಮ್ಯಾಕೆ ನಿಮ್ಮವು.’

‘ಹಾಗಾದರೆ ಮೂಟೆ ತೆಗೀರಿ ನಿಂಗಯ್ಯ, ಇನ್ನೇನು ಕಾಯ್ತಿದ್ದೀರಿ?’ ಎಂದು ಕೂಗಿದೆ.

‘ಈಗ ತೆಗುದ್ರೆ ನೀರು ಎಲ್ಲಿಗೆ ಓಯ್ತದೆ? ನಿಮ್ ಒಂಬತ್ತು ಗೋಡೆ ಇಂದೆ ನಿಂತ್ಕಂಡು ಮನೆಗೇ ನುಗ್ತದೆ. ಮೊದ್ಲು ಗೋಡೆ, ಆಮ್ಯಾಕೆ ಮೂಟೆ. ಅದೂ ಕೆಳಗಿಂದ ಒಡೀಬೇಕು. ನೀರು ಬರೋದು ಮೇಲಿಂದ, ದಾರಿ ಬಿಡ್ಸೋದು ಕೆಳಗಿಂದ.’ ಅಂಗೈಯ ಕೆಸರನ್ನು ಟವೆಲ್ಲಿಗೆ ಒರೆಸಿಕೊಂಡು ಮೆಲ್ಲಗೆ ಹೇಳಿದ. ‘ಆ ಠರಾವು ನೀವೇ ಬರ್ದಿದ್ರಲ್ಲವ್ವ. ಈಗ ಇನ್ನೊಂದು ಬರೀರಿ.’

ಕೆಳಗಿನಿಂದ ಅಂದರೆ ಮೊದಲು ಯಾರದು? ನಮ್ಮದು. ಆ ಎತ್ತರದ, ಆ ದಪ್ಪದ, ಕೊಡ ಹೊತ್ತು ಬೆಳೆಸಿದ ಗೋಡೆ.

ಯಜಮಾನರಿಗೆ ಒಂದು ಮಾತು ಹೇಳೋಣ ಅಂತ ಎಸ್‌ಟಿಡಿ ಬೂತಿಗೆ ಹೋದೆ. ಕೆ.ಆರ್. ಪೇಟೆ ಲೈನ್ ಸಿಗಲಿಲ್ಲ. ಮತ್ತೆ ತಿರುಗಿಸಿದೆ, ಸಿಗಲಿಲ್ಲ. ದೇವರು ದೊಡ್ಡವನು ಅಂತ ರಿಸೀವರ್ ಇಟ್ಟು ಸೀದಾ ಗೌಸ್ ಮೇಸ್ತ್ರಿ ಮನೆಗೆ ಹೋದೆ. ನಮ್ಮ ಬೀದಿಯ ಒಂಬತ್ತರಲ್ಲಿ ಆರು ಗೋಡೆ ಅವರ ಕೈಯವೇ. ಅವರು ಚಹಾ ಕುಡಿಯುತ್ತಾ ಕೂತಿದ್ದರು.

‘ಮೇಸ್ತ್ರಿ, ನಮ್ಮ ಕಾಂಪೌಂಡ್ ಒಡೀಬೇಕು. ಈಗಲೇ.’

‘ಅರೇ ಮೇಡಂ! ಏನು ತಪ್ಪಾಯ್ತು? ಬಿರುಕು ಬಂತಾ? ನನ್ ಕೈ ಗೋಡೆ ಬಿರುಕು ಬಿಡಾಕೆ ಚಾನ್ಸೇ ಇಲ್ಲ!’

ವಿಷಯ ಹೇಳಿದೆ. ಚಹಾದ ಲೋಟ ಕೆಳಗಿಟ್ಟು, ಇಬ್ಬರು ಆಳುಗಳನ್ನು ಕರೆದುಕೊಂಡು, ಸುತ್ತಿಗೆ ಹಾರೆ ಸಮೇತ ನನಗಿಂತ ಮೊದಲೇ ನಮ್ಮ ಮನೆ ಮುಟ್ಟಿದರು. ಗೋಡೆಯ ಮುಂದೆ ನಿಂತು ಒಮ್ಮೆ ಅದರ ಮೈ ಸವರಿದರು. ‘ಕಟ್ಟೋವಾಗ ಬಿಸ್ಮಿಲ್ಲಾ ಅಂದಿದ್ದೆ ಮೇಡಂ. ಒಡೆಯಾಕೂ ಅದೇ ಅಂತೀನಿ’ ಅಂದು ಮೊದಲ ಏಟು ಹಾಕಿದರು.

ಗೋಡೆ ಅಲುಗಲಿಲ್ಲ. ಎರಡನೇ ಏಟಿಗೂ ಅಲುಗಲಿಲ್ಲ. ಹತ್ತು ಏಟಾದ ಮೇಲೆ ಮೇಸ್ತ್ರಿ ಬೆವರು ಒರೆಸಿಕೊಂಡು, ಸಂಕಟ ಹೆಮ್ಮೆ ಎರಡೂ ಸೇರಿದ ಮುಖ ಮಾಡಿ, ‘ನೋಡಿದ್ರಾ ಮೇಡಂ, ಹೆಂಗೆ ಕಟ್ಟಿದೀನಿ?’ ಎಂದರು.

‘ಹೊಗಳಿಕೊಳ್ಳೋದು ಆಮೇಲೆ, ಒಡೀರಿ!’ ಎಂದು ರೇಗಿದೆ.

ಆ ಸದ್ದಿಗೆ ಬೀದಿಯೆಲ್ಲ ಸೇರಿತು. ನಾನು ಒಂದು ಕೈಯಲ್ಲಿ ಸಂಘದ ಪುಸ್ತಕ, ಇನ್ನೊಂದು ಕೈಯಲ್ಲಿ ನಿಂಗಯ್ಯನ ಕೆಸರು ಮೆತ್ತಿದ ಟವೆಲ್ಲು ಹಿಡಿದು ಮನೆಮನೆಗೂ ಹೋದೆ. ಟೀಚರ್ ತಮ್ಮ ಗೋಡೆಯನ್ನೇ ಮೊದಲು ಒಡೆಸುತ್ತಿದ್ದಾರೆ ಅನ್ನುವುದು ನನ್ನ ಯಾವ ಭಾಷಣಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಪಕ್ಕದ ಮನೆಯವರು ಒಪ್ಪಿದರು. ಅದರಾಚೆಯವರು ಗೊಣಗಿ ಒಪ್ಪಿದರು. ಕೆಳಗೇರಿಯಿಂದ ಹತ್ತು ಹನ್ನೆರಡು ಜನ ಗುದ್ದಲಿ ಹಿಡಿದು ಬಂದರು. ಒಂದೊಂದು ಗೋಡೆಯಲ್ಲೂ ಎರಡು ಮಾರು ಅಗಲದ ಬಾಯಿ. ನಿಂಗಯ್ಯ ಮುಂದೆ ಮುಂದೆ ಹೋಗಿ ಮಚ್ಚಿನ ತುದಿಯಿಂದ ಗುರುತು ಹಾಕುತ್ತಿದ್ದ. ಹಳ್ಳ ಯಾವ ಮನೆಯಲ್ಲಿ ಎಲ್ಲಿ ತಿರುಗುತ್ತದೆ ಅನ್ನುವುದು ಅವನ ಕಾಲಿಗೆ ಗೊತ್ತಿತ್ತು.

ಐದನೆಯದು ವಕೀಲರ ಗೋಡೆ. ಶಿವಣ್ಣನವರು ಅಡ್ಡ ನಿಂತರು.

‘ಮೇಡಂ, ಇದು ಪ್ರೈವೇಟ್ ಪ್ರಾಪರ್ಟಿ. ನೋಟಿಸ್ ಕೊಡದೆ ಒಂದು ಇಟ್ಟಿಗೆ ಮುಟ್ಟೋ ಹಾಗಿಲ್ಲ. ಠರಾವು ಇದೆ.’

‘ಠರಾವು ಬರೆದವಳು ನಾನೇ ಸ್ವಾಮಿ, ತಪ್ಪು ಬರೆದಿದ್ದೆ’ ಎಂದೆ. ಬಿಡಲಿಲ್ಲ ಅವರು. ಸೆಕ್ಷನ್ನು, ಸಬ್ ಸೆಕ್ಷನ್ನು ಶುರು ಮಾಡಿದರು. ಅಷ್ಟರಲ್ಲಿ ಮೊದಲ ಹನಿ ನನ್ನ ಕನ್ನಡಕದ ಮೇಲೆ ಬಿತ್ತು. ನನಗೆ ಅಳು ಬರುವಷ್ಟು ಸಿಟ್ಟು. ಮೇಲೆ ಇನ್ನೂ ನಾಲ್ಕು ಗೋಡೆ ಬಾಕಿ.

ಆಗ ಒಳಗಿನಿಂದ ಅವರ ತಾಯಿ ಚನ್ನಮ್ಮ ಬಂದರು. ಬಿಂಡಿಗನವಿಲೆಯವರು, ಕುರಿ ಮೇಯಿಸಿ ಮಗನನ್ನು ಲಾ ಓದಿಸಿದವರು, ಹಬ್ಬಕ್ಕೆಂದು ಬಂದಿದ್ದರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮಗನ ಮುಂದೆ ನಿಂತರು.

‘ಏನ್ಲಾ ಇದು ಗಲಾಟೆ?’

‘ಅವ್ವ, ನಿಂಗೆ ಗೊತ್ತಾಗಲ್ಲ, ಒಳಗೋಗು.’

‘ನಂಗೆ ಗೊತ್ತಾಯ್ಕಿಲ್ವಾ? ಇಡೀ ಜೀವ್ನ ಮಳೆ ನೋಡ್ಕಂಡು ಬದುಕ್ದೋಳು ಕಣ್ಲಾ ನಾನು. ನೀರಗಂಟಿ ಒಡೀರಿ ಅಂದ್ ಮ್ಯಾಕೆ ಅದ್ಕೆ ಅಪೀಲು ಅದಾ? ನಿನ್ ನೋಟೀಸು ನೀರಿಗೆ ಓದಾಕೆ ಬತ್ತದಾ?’

ಅಂದವರೇ ಗೋಡೆಯ ಮೇಲಿನ ಸಾಲಿನಿಂದ ಒಂದು ಇಟ್ಟಿಗೆ ಅಲ್ಲಾಡಿಸಿ ಕಿತ್ತು ಕೆಳಗೆ ಹಾಕಿದರು. ವಕೀಲರು ಅವ್ವನ ಮುಖ ನೋಡಿದರು, ಇಟ್ಟಿಗೆ ನೋಡಿದರು. ಮೊದಲು ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಷರಟಿನ ತೋಳು ಮಡಿಸಿ, ಗೌಸ್ ಮೇಸ್ತ್ರಿ ಕೈಯಿಂದ ಹಾರೆ ತೆಗೆದುಕೊಂಡರು. ಸಿಟ್ಟೆಲ್ಲ ಗೋಡೆಯ ಮೇಲೆ ತೀರಿಸಿದ್ದರಿಂದಲೋ ಏನೋ, ಅವತ್ತು ಎಲ್ಲಕ್ಕಿಂತ ಬೇಗ ಬಿದ್ದದ್ದು ಅವರದೇ ಗೋಡೆ.

ಒಂಬತ್ತನೆಯದು ಬೀಳುವಾಗ ಮಧ್ಯಾಹ್ನ ಮೂರಾಗಿತ್ತು. ಮಳೆ ಜೋರಾಗಿತ್ತು. ಎಲ್ಲರೂ ಕೋಡಿಗೆ ಓಡಿದೆವು. ಏರಿಯಿಂದ ದಡದವರೆಗೆ ಸಾಲಾಗಿ ನಿಂತು ಒಂದೊಂದೇ ಮೂಟೆ ಕೈಯಿಂದ ಕೈಗೆ ಸಾಗಿಸಿದೆವು. ಕೆಳಗೇರಿಯವರು, ಬಡಾವಣೆಯವರು, ಗೌಸ್ ಮೇಸ್ತ್ರಿ, ವಕೀಲರು, ಮೂಟೆ ಬೇಕು ಅಂದಿದ್ದ ಗದ್ದೆಯ ಗೌಡರೂ ಆ ಸಾಲಿನಲ್ಲಿದ್ದರು. ಯಾರ ಪಕ್ಕ ಯಾರು ನಿಂತಿದ್ದಾರೆ ಅಂತ ನೋಡುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ.

ನಿಂಗಯ್ಯ ಎಲ್ಲವನ್ನೂ ಒಟ್ಟಿಗೆ ತೆಗೆಯಲು ಬಿಡಲಿಲ್ಲ. ‘ನಿಧಾನ, ನಿಧಾನ! ಕೂಸು ಎತ್ಕಂಡಂಗೆ ಎತ್ರಲಾ!’ ಎಂದು ಕೂಗುತ್ತಿದ್ದ. ಮೇಲಿನ ಸಾಲು ಹೋಯಿತು. ಎರಡನೇ ಸಾಲು ಹೋಗುವಷ್ಟರಲ್ಲಿ ನೀರು ಕೋಡಿಯ ಕಲ್ಲಿನ ಮೇಲೆ ಹೊಳೆಯುತ್ತಾ ಜಾರಿ, ಧುಮ್ಮೆಂದು ಹಳ್ಳಕ್ಕೆ ಬಿತ್ತು.

ನೀರು ಹಳ್ಳ ಮರೆತಿರಲಿಲ್ಲ ರೀ! ಒಂಬತ್ತನೇ ಮನೆಯ ಬಾಯಿ ಹೊಕ್ಕಿತು, ಎಂಟನೆಯದರಲ್ಲಿ ಹೊರಟಿತು, ನಿಂಗಯ್ಯ ಗೆರೆ ಎಳೆದಲ್ಲೇ ತಿರುಗಿತು. ನಾವು ದಡದಲ್ಲಿ ಅದರ ಜೊತೆಗೇ ಓಡಿದೆವು. ನನಗೆ ಐವತ್ತು ಹತ್ತಿರ ಬಂತು, ಅವತ್ತು ಓಡಿದ ಓಟ ಹೈಸ್ಕೂಲಿನಲ್ಲೂ ಓಡಿರಲಿಲ್ಲ. ನೀರು ವಕೀಲರ ಹಿತ್ತಲು ದಾಟಿತು. ನಮ್ಮ ಹಿತ್ತಲಿಗೆ ಬಂತು. ನನ್ನ ಅಂಕಣದ ಕಟ್ಟೆಯನ್ನು ಬಳಸಿ, ನನ್ನ ಎರಡು ಗುಲಾಬಿ ಕುಂಡ ಎತ್ತಿಕೊಂಡು, ನಮ್ಮ ಗೋಡೆಯ ಬಾಯಿಂದ ಆಚೆ ಹೋಗಿ ಕೆಳಗಿನ ಕೆರೆಯ ದಾರಿ ಹಿಡಿಯಿತು. ಒಂದು ಮನೆಯ ಹೊಸ್ತಿಲೂ ಒದ್ದೆಯಾಗಲಿಲ್ಲ.

ಜನ ಕೂಗಿದ ಕೂಗು ಹೇಗಿತ್ತು ಅಂತೀರಿ! ಯಾರೋ ಶಿಳ್ಳೆ ಹೊಡೆದರು. ಗೌಸ್ ಮೇಸ್ತ್ರಿ ಮತ್ತು ವಕೀಲರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಚನ್ನಮ್ಮ ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ತೆಂಗಿನಕಾಯಿ ಇಟ್ಟು ತಂದರು. ಕೆರೆ ಕೋಡಿ ಬಿದ್ದರೆ ಬಾಗಿನ ಕೊಡಬೇಕಲ್ಲ? ಯಾವ ದೊಡ್ಡವರ ಕಾರಿಗೂ ಕಾಯದೆ, ನಿಂಗಯ್ಯನ ಹೆಂಡತಿ, ಚನ್ನಮ್ಮ, ನಾನು ಮೂವರೂ ಆ ಮೊರ ಹಿಡಿದು ಗಂಗೆಗೆ ಬಿಟ್ಟೆವು. ಭಾಷಣ ಇರಲಿಲ್ಲ. ನಿಂಗಯ್ಯ ಮಾತ್ರ ಅಲ್ಲಿರಲಿಲ್ಲ. ಹುಡುಕಿದರೆ ಏರಿಯ ಹಿಂದೆ ಕೂತಿದ್ದ, ಅಂಗೈ ಊರಿಕೊಂಡು. ಸಂಜೆಯ ಹೊತ್ತಿಗೆ ಕೈ ಎತ್ತಿ ತೋರಿಸಿದ. ಕೆಸರು ನಿಂತು ತಿಳಿನೀರು ಜಿನುಗುತ್ತಿತ್ತು. ‘ಉಳ್ಕಂಡ್ವಿ ಕಣವ್ವ’ ಅಂದ.

ಐದೂವರೆಗೆ ಯಜಮಾನರ ಬಸ್ಸು ಬಂತು.

ಅವರು ಬೀದಿಯ ತಿರುವಿನಲ್ಲಿ ನಿಂತುಬಿಟ್ಟರು. ಅವರ ಮುಂದೆ ಕಮಲದ ಗೇಟು ತನ್ನ ಕಂಬಗಳ ಜೊತೆ ಚಿಲಕ ಹಾಕಿಕೊಂಡು ನೆಟ್ಟಗೆ ನಿಂತಿತ್ತು. ಅದರ ಪಕ್ಕದಲ್ಲಿ ಗೋಡೆಯೇ ಇಲ್ಲ, ಮೊಣಕಾಲುದ್ದ ನೀರು ಹರಿಯುತ್ತಿದೆ. ನಾನು ಜಗಲಿಯ ಮೇಲೆ ಬೈಗುಳಕ್ಕೆ ರೆಡಿಯಾಗಿ, ಉತ್ತರಕ್ಕೂ ರೆಡಿಯಾಗಿ ನಿಂತಿದ್ದೆ. ಅವರು ಛತ್ರಿ ಮಡಿಸಿದರು. ಪ್ಯಾಂಟು ಮಡಿಸಿದರು. ಗೇಟಿನ ಚಿಲಕ ತೆಗೆದರು. ಒಳಗೆ ಬಂದರು. ತಿರುಗಿ ಗೇಟು ಹಾಕಿ ಚಿಲಕ ಹಾಕಿದರು! (ಅಭ್ಯಾಸ ಬಿಡುತ್ತದಾ?) ಜಗಲಿಗೆ ಬಂದು ನನ್ನ ಪಕ್ಕ ನಿಂತು ನೀರು ನೋಡಿದರು, ಏರಿ ನೋಡಿದರು. ಕೆಳಗೇರಿಯ ಒಲೆಗಳಿಂದ ಬೆಳಗಿನ ಹಾಗೇ ಹೊಗೆ ಏಳುತ್ತಿತ್ತು.

‘ತೊಣ್ಣೂರಿನಲ್ಲಿ ಹುಟ್ಟಿದ ನನಗೆ ಇದು ಗೊತ್ತಿರಬೇಕಿತ್ತು ಕಣೇ’ ಅಂದರು. ಅಷ್ಟೇ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಅವತ್ತೇ ಇರಬೇಕು.

ಈಗ ನಮ್ಮ ಬೀದಿಗೆ ಬಂದರೆ ನೀವು ನೋಡಬಹುದು. ಗೋಡೆಗಳ ಬಾಯಿ ಮುಚ್ಚಿಲ್ಲ. ಹಳ್ಳದ ಎರಡೂ ಬದಿಗೆ ಕಲ್ಲು ಕಟ್ಟಿದ್ದೇವೆ, ದಾಟಲು ಅಲ್ಲಲ್ಲಿ ಚಪ್ಪಡಿ ಹಾಕಿದ್ದೇವೆ. ಕಟ್ಟಿದ್ದು ಗೌಸ್ ಮೇಸ್ತ್ರಿಯೇ. (‘ಇದನ್ನ ಒಡಿಸಬೇಡಿ ಮೇಡಂ’ ಅಂತ ಮೊದಲೇ ಮಾತು ತೆಗೆದುಕೊಂಡಿದ್ದಾರೆ.) ಮೂಟೆಯ ಠರಾವು ರದ್ದಾಗಿದೆ. ಹೊಸ ಠರಾವಿನ ಪ್ರಕಾರ ಚಿತ್ತೆ ಮಳೆಗೆ ಮುಂಚೆ ಪ್ರತಿ ಮನೆಯಿಂದ ಒಬ್ಬರು ನಿಂಗಯ್ಯನ ಹಿಂದೆ ಹಳ್ಳ ನಡೆಯಬೇಕು, ಸುಗ್ಗಿಗೆ ಪ್ರತಿ ಮನೆಯಿಂದ ಅವನಿಗೆ ಒಂದು ಮೂಟೆ ರಾಗಿ ಹೋಗಬೇಕು. ಆ ಮೀಟಿಂಗಿನಲ್ಲಿ ನಿಂಗಯ್ಯ ಕೂತದ್ದು ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ. ಕುರ್ಚಿ ತಂದಿಟ್ಟವರು ವಕೀಲರು. ಶ್ರೀರಂಗಪಟ್ಟಣದ ಕಡೆಯಿಂದ ನೋಡಲು ಬಂದ ನನ್ನ ತಮ್ಮ, ನಮ್ಮ ಕೊಪ್ಪಲಲ್ಲೂ ಯಾವ ಕಾಲುವೆಯ ಮೇಲೆ ಯಾರ ಅಂಗಡಿ ಇದೆ ನೋಡ್ತೀನಿ ಅಂತ ಹೋಗಿದ್ದಾನೆ. ಅದರಲ್ಲಿ ಒಂದು ಅವನದೇ ಅಂಗಡಿ ಅನ್ನುವುದು ನನಗೆ ಗೊತ್ತು. ಅವನಿಗೂ ಗೊತ್ತು.

ಹವಾಮಾನ ಬದಲಾಗುತ್ತಿರುವುದು ನಿಜ. ಅದಕ್ಕೆ ಊರು ತಯಾರಾಗಬೇಕು ಅನ್ನುವುದೂ ನಿಜ. ಅದಕ್ಕೆ ದೊಡ್ಡ ಯೋಜನೆ, ದೊಡ್ಡ ಮಿಷನ್ನು ಬರಲಿ, ಬೇಡ ಅನ್ನುವವಳಲ್ಲ ನಾನು. ಆದರೆ ನಮ್ಮ ಊರು ತಯಾರಾದದ್ದು ಒಂದೇ ದಿನದಲ್ಲಿ, ಹಾರೆ ಸುತ್ತಿಗೆಯಲ್ಲಿ. ನಾವು ಹೊಸದಾಗಿ ಕಟ್ಟಿದ್ದು ಕಮ್ಮಿ, ನಾವೇ ಕಟ್ಟಿದ್ದನ್ನು ಒಡೆದದ್ದು ಜಾಸ್ತಿ. ಎಲ್ಲಿ ಒಡೆಯಬೇಕು ಅಂತ ಹೇಳುವವನು ಮೂರು ವರ್ಷದಿಂದ ನಮ್ಮ ಹಿತ್ತಲಲ್ಲೇ ಓಡಾಡಿಕೊಂಡಿದ್ದ. ನಾವು ಅವನನ್ನು ಬೈದುಕೊಂಡಿದ್ದೆವು.

ಹೋದ ವಾರ ಮೈಸೂರಿನಿಂದ ಮತ್ತೆ ಕಾಗದ ಬಂತು. ಅದೇ ಸೆಮಿನಾರಿನವರು. ಈ ಸಲ ಒಂದು ಗಂಟೆ ಮಾತಾಡಬೇಕಂತೆ. ನನಗಿಂತ ತಿಳಿದವರಿದ್ದಾರೆ, ಅವರನ್ನು ಕರೆಯಿರಿ, ನಾನು ಕೆಳಗೆ ಕೂತು ಕೇಳುತ್ತೇನೆ ಅಂತ ನಿಂಗಯ್ಯನ ಹೆಸರು ಬರೆದು ಕಳಿಸಿದೆ. ನಿನ್ನೆ ಉತ್ತರ ಬಂದಿದೆ. ಬಹಳ ಸಂತೋಷ, ಅವರ ವಿದ್ಯಾರ್ಹತೆ ಏನು ತಿಳಿಸಿ ಅಂತ ಕೇಳಿದ್ದಾರೆ.

‘ಗೋಡೆ ಹತ್ತಿ ಇಳಿಯುತ್ತಾರೆ’ ಎಂದು ಬರೆದು ಇವತ್ತಷ್ಟೇ ಪೋಸ್ಟ್ ಮಾಡಿ ಬಂದೆ, ತಪ್ಪಾಯಿತಾ?